ಫ್ರಾಪೆಯ ‘ಡಿಪೆಂಡ್ಸ್ ಆನ್’: ಫೀಲ್ಡ್ ಅಡಗಿಸೋಕೆ ಒಂದು ಸಾಲು ಸಾಕು

ಕಂಪನಿಗಳ ವ್ಯವಹಾರ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಅನ್ನೋ ಸಾಫ್ಟ್‌ವೇರ್ ಬಗ್ಗೆ ಬರೆಯುವವರೆಲ್ಲ ಸ್ಟಾಕು, ಲೆಕ್ಕಪತ್ರ, ಸಂಬಳ ಅಂತ ದೊಡ್ಡ ವಿಷಯಗಳನ್ನೇ ಹಿಡಿಯುತ್ತಾರೆ. ನಾನು ಅದರ ಒಂದು ಪುಟ್ಟ ಖಾನೆ ಬಗ್ಗೆ ಬರೆಯುತ್ತಿದ್ದೇನೆ. ಇಆರ್‌ಪಿನೆಕ್ಸ್ಟ್ ನಿಂತಿರುವುದು ಫ್ರಾಪೆ ಅನ್ನೋ ಫ್ರೇಮ್‌ವರ್ಕ್ ಮೇಲೆ, ಅಂದರೆ ಸಾಫ್ಟ್‌ವೇರ್ ಕಟ್ಟುವ ತಳಹದಿ ಮೇಲೆ. ಅದರಲ್ಲಿ ಯಾವುದೇ ಫೀಲ್ಡಿನ (ಫಾರ್ಮ್‌ನಲ್ಲಿ ಒಂದು ವಿವರ ತುಂಬಿಸುವ ಜಾಗ) ಸೆಟ್ಟಿಂಗ್ ತೆರೆದರೂ ‘ಡಿಸ್‌ಪ್ಲೇ ಡಿಪೆಂಡ್ಸ್ ಆನ್’ ಅಂತ ಒಂದು ಖಾನೆ ಇರುತ್ತದೆ. ಈ ಫೀಲ್ಡ್ ಯಾವಾಗ ಕಾಣಬೇಕು ಅನ್ನೋದನ್ನ ಅಲ್ಲಿ ಒಂದು ಸಾಲಲ್ಲಿ ಬರೆದರೆ ಕೆಲಸ ಮುಗೀತು. ಬಳಸಿ ಅಂತಲೇ ಹೇಳುತ್ತೇನೆ. ಆದರೆ ಅದು ಏನೇನು ಮಾಡೋದಿಲ್ಲ ಅನ್ನೋದು ಮೊದಲೇ ಗೊತ್ತಿರಬೇಕು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ರಾಪೆ ಮುಂಬೈ ಕಂಪನಿ. ಬೆಂಗಳೂರಿನ ಷೇರು ಬ್ರೋಕರ್ ಜೆರೋಧಾದವರು 2020ರಲ್ಲಿ ಅದರಲ್ಲಿ ದುಡ್ಡು ಹಾಕಿದ್ದಾರೆ. ಫ್ರೇಮ್‌ವರ್ಕ್ ಎಂಐಟಿ ಲೈಸೆನ್ಸ್‌ನಲ್ಲಿದೆ, ಇಆರ್‌ಪಿನೆಕ್ಸ್ಟ್ ಜಿಪಿಎಲ್‌ನಲ್ಲಿದೆ, ಎರಡೂ ಮುಕ್ತ ತಂತ್ರಾಂಶದ ಲೈಸೆನ್ಸ್. ಸ್ವಂತ ಸರ್ವರ್‌ನಲ್ಲಿ ಹಾಕಿಕೊಂಡರೆ ಲೈಸೆನ್ಸ್ ಖರ್ಚಿಲ್ಲ, ಅವರ ಕ್ಲೌಡ್‌ನಲ್ಲಿ ಇಟ್ಟರೆ ತಿಂಗಳು ತಿಂಗಳು ಕಟ್ಟಬೇಕು.

ಶಿರಸಿ ಕಡೆಯ ಒಂದು ಅಡಿಕೆ ಮಂಡಿಗೆ ನಾನು ಇದನ್ನು ನೋಡಿಕೊಳ್ಳುತ್ತೇನೆ. ಅಲ್ಲಿನ ಖರೀದಿ ಚೀಟಿ ನೋಡಿದರೆ ಷರತ್ತುಗಳು ಎಲ್ಲಿಂದ ಹುಟ್ಟುತ್ತವೆ ಅಂತ ಗೊತ್ತಾಗುತ್ತದೆ. ಮಾಲು ತಂದವರು ಬೆಳೆಗಾರರಾದರೆ ಜಿಎಸ್‌ಟಿ ನಂಬರ್ ಕೇಳೋದರಲ್ಲಿ ಅರ್ಥವಿಲ್ಲ, ವ್ಯಾಪಾರಿಯಾದರೆ ಬೇಕು. ಅಡಿಕೆಯ ಬಗೆ ಚಾಲಿಯಾದರೆ ಹೊಸದಾ ಹಳೆಯದಾ ಅಂತ ಬರೆಯಬೇಕು, ಯಾಕೆಂದರೆ ದರವೇ ಬೇರೆ. ರಾಶಿ, ಬೆಟ್ಟೆಯಾದರೆ ಆ ಪ್ರಶ್ನೆ ಬೇಡ, ಬಣ್ಣ ಹೇಗಿದೆ ಅಂತ ಬರೆಯಬೇಕು. ಮುಂಗಡ ತೆಗೆದುಕೊಂಡವರಾದರೆ ಹಳೆ ಬಾಕಿ ಎಷ್ಟು, ಈಗ ಮುರಿದುಕೊಳ್ಳೋದು ಎಷ್ಟು ಅನ್ನೋದು ಬೇಕು. ಚೆಕ್ ಕೊಟ್ಟರೆ ಚೆಕ್ ನಂಬರ್, ಬ್ಯಾಂಕಿಗೆ ಹಾಕಿದರೆ ಯುಟಿಆರ್, ಅಂದರೆ ಆ ವರ್ಗಾವಣೆಯ ನಂಬರ್. ಇಷ್ಟನ್ನೂ ಒಂದೇ ಸಲ ಪರದೆ ಮೇಲೆ ಹರಡಿದರೆ, ಸೀಸನ್‌ನಲ್ಲಿ ಹೊರಗೆ ಚೀಲ ಇಳಿಸಿ ಜನ ಕಾಯುತ್ತಿರುವಾಗ, ಟೇಬಲ್ ಮುಂದೆ ಕೂತ ಹುಡುಗ ಬಿಡಬೇಕಾದ್ದನ್ನು ತುಂಬಿಸುತ್ತಾನೆ, ತುಂಬಿಸಬೇಕಾದ್ದನ್ನು ಬಿಡುತ್ತಾನೆ. ಅವನದೇನೂ ತಪ್ಪಿಲ್ಲ. ಹೌದು-ಇಲ್ಲ ಅನ್ನೋ ಥರದ 5 ಪ್ರಶ್ನೆ ಇದ್ದರೆ ಒಂದೇ ಫಾರ್ಮ್‌ಗೆ 32 ರೂಪ ಬರಬಹುದು. ಅದೇ 10 ಪ್ರಶ್ನೆಯಾದರೆ 1024. ಅಷ್ಟನ್ನು ಯಾರು ತಾನೇ ಕೂತು ಪರೀಕ್ಷೆ ಮಾಡುತ್ತಾರೆ?

ನಾನು ಕೈ ಹಾಕುವ ಮೊದಲು ಅಲ್ಲಿ ಇನ್ಯಾರೋ ಬರೆದು ಹೋದ ಕ್ಲೈಂಟ್ ಸ್ಕ್ರಿಪ್ಟ್ (ಬ್ರೌಸರ್‌ನಲ್ಲಿ ಓಡುವ ಕೋಡ್) ಇತ್ತು. ಫ್ರಾಪೆಯಲ್ಲಿ ‘ಟಾಗಲ್ ಡಿಸ್‌ಪ್ಲೇ’ ಅಂತ ಒಂದು ಫಂಕ್ಷನ್ ಇದೆ, ಫೀಲ್ಡ್ ಹೆಸರು ಕೊಟ್ಟು ಷರತ್ತು ಕೊಟ್ಟರೆ ತೋರಿಸುತ್ತದೆ ಅಥವಾ ಅಡಗಿಸುತ್ತದೆ. ಅದರಲ್ಲೇನೂ ಕೆಟ್ಟದ್ದಿಲ್ಲ. ಆದರೆ ಅದನ್ನು ಎರಡು ಕಡೆ ಕರೆಯಬೇಕು: ಫಾರ್ಮ್ ತೆರೆದುಕೊಳ್ಳುವಾಗ ಒಮ್ಮೆ, ಅಡಿಕೆ ಬಗೆ ಬದಲಾದಾಗ ಇನ್ನೊಮ್ಮೆ. ಫೀಲ್ಡು ಹತ್ತಾದರೆ ಕರೆ ಇಪ್ಪತ್ತು. ಆಮೇಲೆ ಯಾರೋ ಬಂದು ‘ಬಿಳೆಗೋಟು ಬಗೆಯನ್ನೂ ಸೇರಿಸಿ’ ಅಂದಾಗ ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟಿರುತ್ತಾರೆ. ಹುಡುಗ ಫೋನ್ ಮಾಡಿ ಹೇಳುತ್ತಿದ್ದ, ‘ಸಾರ್, ಹೊಸ ಚೀಟಿ ಹಾಕುವಾಗ ಕಾಣ್ತದೆ, ಅದೇ ಚೀಟಿ ನಾಳೆ ತೆಗೆದ್ರೆ ಕಾಣೂದಿಲ್ಲ.’ ಇದಕ್ಕಿಂತ ಸರಿಯಾಗಿ ಆ ಸ್ಕ್ರಿಪ್ಟಿನ ರೋಗ ಹೇಳೋಕೆ ನನಗೂ ಬರುತ್ತಿರಲಿಲ್ಲ.

ಸ್ಕ್ರಿಪ್ಟಿನ ಮಾತು ‘ಇದಾದಾಗ ಅದನ್ನು ಅಡಗಿಸು, ಅದಾದಾಗ ಇದನ್ನು ತೋರಿಸು’ ಅನ್ನೋ ಥರ ಇರುತ್ತದೆ. ಡಿಪೆಂಡ್ಸ್ ಆನ್‌ನ ಮಾತು ಬೇರೆ: ‘ಅಡಿಕೆ ಬಗೆ ಚಾಲಿ ಆಗಿದ್ದರೆ ನಾನು ಕಾಣುತ್ತೇನೆ’. ಅಷ್ಟೇ. ಯಾವಾಗ ಬದಲಾಯಿತು, ಯಾರು ಬದಲಾಯಿಸಿದರು, ಫಾರ್ಮ್ ಹೊಸದಾ ಹಳೆಯದಾ, ಯಾವುದೂ ನಿಮಗೆ ಬೇಕಿಲ್ಲ. ಫಾರ್ಮ್ ತೆರೆದಾಗಲೂ, ಮೌಲ್ಯ ಬದಲಾದಾಗಲೂ ಫ್ರಾಪೆಯೇ ನಿಯಮಗಳನ್ನು ಮತ್ತೆ ಓಡಿಸಿ ನೋಡುತ್ತದೆ. ಮೇಲಾಗಿ ನಿಯಮ ಫೀಲ್ಡಿನ ಪಕ್ಕದಲ್ಲೇ ಇರುತ್ತದೆ. ಎರಡು ವರ್ಷ ಬಿಟ್ಟು ಬಂದವರು ‘ಇದು ಯಾಕೆ ಕಾಣುತ್ತಿಲ್ಲ’ ಅಂತ ಕೇಳಿದರೆ ಆ ಫೀಲ್ಡನ್ನೇ ತೆರೆದು ನೋಡಿದರಾಯಿತು, ನೂರಾರು ಸಾಲಿನ ಸ್ಕ್ರಿಪ್ಟ್ ಓದಬೇಕಿಲ್ಲ.

ಬರೆಯುವ ಬಗೆ ಮುಖ್ಯವಾಗಿ ಎರಡು. ಮೊದಲನೆಯದು ಸುಮ್ನೆ ಇನ್ನೊಂದು ಫೀಲ್ಡಿನ ಹೆಸರು ಬರೆಯೋದು. ‘ಮುಂಗಡ ಇದೆ’ ಅನ್ನೋ ಚೆಕ್‌ಬಾಕ್ಸ್‌ನ ಹೆಸರು ಬರೆದರೆ ಟಿಕ್ ಹಾಕಿದಾಗ ಕಾಣುತ್ತದೆ, ತೆಗೆದಾಗ ಹೋಗುತ್ತದೆ. ಕೋಡ್ ಗೊತ್ತಿಲ್ಲದ ಅಕೌಂಟೆಂಟ್ ಕೂಡ ಮಾಡಬಹುದು. ಎರಡನೆಯದು ‘ಇವ್ಯಾಲ್’ ಅಂತ ಬರೆದು ಕೋಲನ್ ಹಾಕಿ ಜಾವಾಸ್ಕ್ರಿಪ್ಟ್ ಷರತ್ತು ಬರೆಯೋದು. ಅದರೊಳಗೆ ‘ಡಾಕ್’ ಅಂದರೆ ಈ ಚೀಟಿ, ‘ಪೇರೆಂಟ್’ ಅಂದರೆ ಒಳಗಿನ ಟೇಬಲ್‌ನ ಸಾಲಿನಿಂದ ನೋಡಿದಾಗ ಹೊರಗಿನ ಚೀಟಿ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ನಿಯಮ ಮೊದಲ ಬಗೆಯಲ್ಲೇ ಮುಗಿಯುತ್ತದೆ, ಮುಗಿಯಬೇಕು ಕೂಡ.

ಇದೇ ಥರದ ಇನ್ನೆರಡು ಖಾನೆಗಳೂ ಇವೆ. ಒಂದು ‘ಮ್ಯಾಂಡೇಟರಿ ಡಿಪೆಂಡ್ಸ್ ಆನ್’, ಯಾವಾಗ ಕಡ್ಡಾಯ ಅನ್ನೋದಕ್ಕೆ. ಇನ್ನೊಂದು ‘ರೀಡ್ ಓನ್ಲಿ ಡಿಪೆಂಡ್ಸ್ ಆನ್’, ಯಾವಾಗ ತಿದ್ದೋ ಹಾಗಿಲ್ಲ ಅನ್ನೋದಕ್ಕೆ. ಮೂರನ್ನೂ ಬೇರೆ ಬೇರೆ ಇಟ್ಟಿದ್ದು ಒಳ್ಳೆಯದಾಯಿತು. ಎಷ್ಟೋ ಸಲ ಜನ ಅಡಗಿಸಿ ಅಂತ ಕೇಳುತ್ತಾರೆ, ನಿಜಕ್ಕೂ ಬೇಕಾಗಿರುವುದು ‘ಕಾಣಲಿ, ಆದರೆ ಮುಟ್ಟಬೇಡ’ ಅನ್ನೋದು. ಮಂಡಿಯ ಚೀಟಿಯಲ್ಲಿ ದರದ ಫೀಲ್ಡ್ ಹಾಗೇ ಆಯಿತು. ಹರಾಜಿನ ದರ ಬಂದ ಮೇಲೆ ಅದನ್ನು ಅಡಗಿಸಿ ಅಂದಿದ್ದರು. ಅಡಗಿಸಿದರೆ ಬೆಳೆಗಾರ ಬಂದು ಪರದೆ ನೋಡಿ ‘ನನ್ನ ದರ ಎಲ್ಲಿ’ ಅಂತ ಕೇಳುವುದಿಲ್ವಾ? ತಿದ್ದಲಾಗದ ಹಾಗೆ ಮಾಡಿದೆವು, ಗಲಾಟೆ ಇಲ್ಲ.

ಈಗ ಗಮನಿಸಬೇಕಾದ ಒಂದು ವಿಷಯ. ನಿಯಮ ನೋಡೋದು ಇನ್ನೊಂದು ಫೀಲ್ಡಿನ ಮೌಲ್ಯವನ್ನು, ಅದು ಕಾಣುತ್ತಿದೆಯೋ ಇಲ್ಲವೋ ಅನ್ನೋದನ್ನಲ್ಲ. ಅಂದರೆ ಮೊದಲ ಪ್ರಶ್ನೆಯ ಮೇಲೆ ಎರಡನೆಯದು, ಎರಡನೆಯದರ ಮೇಲೆ ಮೂರನೆಯದು ನಿಂತಿದೆ ಅಂದುಕೊಳ್ಳಿ. ಎರಡನೆಯದಕ್ಕೆ ಟಿಕ್ ಹಾಕಿ, ಆಮೇಲೆ ಮೊದಲನೆಯದರ ಟಿಕ್ ತೆಗೆದರೆ, ಎರಡನೆಯದು ಮರೆಯಾಗುತ್ತದೆ. ಆದರೆ ಅದರ ಟಿಕ್ ಒಳಗೆ ಹಾಗೇ ಇರುತ್ತದೆ, ಮೂರನೆಯದು ಪರದೆ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಇಆರ್‌ಪಿನೆಕ್ಸ್ಟ್‌ನ ಐಟಂ ಫಾರ್ಮ್ ತೆರೆದು ನೋಡಿ. ಬ್ಯಾಚ್ ನಂಬರ್ ಇದೆಯಾ ಅನ್ನೋದು ಒಂದು ಟಿಕ್. ಅದು ಇದ್ದರೆ ಹೊಸ ಬ್ಯಾಚ್ ತಾನಾಗಿ ಮಾಡಬೇಕಾ ಅನ್ನೋದು ಇನ್ನೊಂದು ಟಿಕ್. ಬ್ಯಾಚ್ ಸರಣಿಯ ಹೆಸರಿನ ಫೀಲ್ಡ್ ಎರಡನೆಯ ಟಿಕ್ ಒಂದನ್ನೇ ನೋಡಿಕೊಂಡು ಸುಮ್ಮನಿಲ್ಲ, ಅದರ ನಿಯಮದಲ್ಲಿ ಎರಡೂ ಟಿಕ್ ಇರಬೇಕು ಅಂತ ಬರೆದಿದೆ. ಮೇಲ್ನೋಟಕ್ಕೆ ದಂಡದ ಪುನರಾವರ್ತನೆ, ಕಾರಣ ಇದೇ. ಇಂಥ ಸರಪಳಿ ಮೂರು ಮೆಟ್ಟಿಲು ದಾಟಿದರೆ ಪ್ರತಿ ಮೆಟ್ಟಿಲಲ್ಲೂ ಹಿಂದಿನ ಎಲ್ಲವನ್ನೂ ಬರೆಯಬೇಕು, ಅಲ್ಲಿಗೆ ಸರಳತೆ ಹೋಯಿತು.

ಅದಕ್ಕೆ ಪರಿಹಾರವೂ ಫ್ರಾಪೆಯಲ್ಲೇ ಇದೆ, ಜನ ಬಳಸೋದು ಕಡಿಮೆ. ನಿಯಮವನ್ನು ಒಂದೊಂದೇ ಫೀಲ್ಡಿಗೆ ಬರೆಯುವ ಬದಲು ಫಾರ್ಮನ್ನು ಭಾಗ ಮಾಡುವ ಸೆಕ್ಷನ್ ಬ್ರೇಕ್‌ಗೆ ಬರೆಯಿರಿ. ಆ ಸೆಕ್ಷನ್ ಪೂರ್ತಿ ಮರೆಯಾಗುತ್ತದೆ. ಒಳಗಿನ ಫೀಲ್ಡುಗಳಿಗೆ ತಮ್ಮದೇ ಸಣ್ಣ ನಿಯಮ ಸಾಕು. ನಮ್ಮ ಚೀಟಿಯಲ್ಲಿ ಮುಂಗಡಕ್ಕೆ ಸೇರಿದ್ದೆಲ್ಲ ಒಂದು ಸೆಕ್ಷನ್, ಪಾವತಿಗೆ ಸೇರಿದ್ದೆಲ್ಲ ಒಂದು ಸೆಕ್ಷನ್. ಹಾಗೆ ಜೋಡಿಸಿದ ಮೇಲೆ ಉಳಿದ ನಿಯಮಗಳನ್ನು ಬೆರಳಲ್ಲಿ ಎಣಿಸಬಹುದು. ಒಂದು ಸೆಕ್ಷನ್‌ನ ಎಲ್ಲ ಫೀಲ್ಡುಗಳೂ ಮರೆಯಾದರೆ ಸೆಕ್ಷನ್‌ನ ತಲೆಬರಹವೂ ತಾನಾಗಿ ಮರೆಯಾಗುತ್ತದೆ, ಖಾಲಿ ತಲೆಬರಹ ಉಳಿಯೋದಿಲ್ಲ. ಸಣ್ಣ ವಿಷಯ, ಆದರೆ ಕೈಯಾರೆ ಕೋಡ್ ಬರೆದವರಿಗೆ ಅದರ ಬೆಲೆ ಗೊತ್ತು.

ಇನ್ನು ಅದು ಮಾಡದ ಕೆಲಸಗಳು. ಫೀಲ್ಡ್ ಮರೆಯಾದರೆ ಅದರೊಳಗಿನ ಮೌಲ್ಯ ಅಳಿಯೋದಿಲ್ಲ. ಹುಡುಗ ಮೊದಲು ಚಾಲಿ ಅಂತ ಆರಿಸಿ ‘ಹಳೆಯದು’ ಅಂತ ಹಾಕಿದ, ಆಮೇಲೆ ‘ಅಯ್ಯೋ ಇದು ರಾಶಿ’ ಅಂತ ಬದಲಾಯಿಸಿದ. ‘ಹಳೆಯದು’ ಪರದೆಯಿಂದ ಹೋಯಿತು, ಡೇಟಾಬೇಸ್‌ನಲ್ಲಿ ಕೂತಿದೆ. ತಿಂಗಳ ಕೊನೆಗೆ ರಿಪೋರ್ಟ್ ತೆಗೆದರೆ ಹಳೆ ಚಾಲಿ ಲೆಕ್ಕದಲ್ಲಿ ರಾಶಿ ಚೀಲವೂ ಸೇರಿರುತ್ತದೆ. ಇದಕ್ಕೆ ಸರ್ವರ್ ಕಡೆಯ ವ್ಯಾಲಿಡೇಟ್‌ನಲ್ಲಿ (ಚೀಟಿ ಉಳಿಸುವ ಮೊದಲು ಓಡುವ ಪರಿಶೀಲನೆ) ಎರಡು ಸಾಲು ಪೈಥಾನ್ ಬರೆಯಬೇಕು: ಬಗೆ ಚಾಲಿ ಅಲ್ಲದಿದ್ದರೆ ಆ ಫೀಲ್ಡ್ ಖಾಲಿ ಮಾಡು. ಸಮೀಕ್ಷೆಗಳಿಗೆ ಬಳಸುವ ಓಡಿಕೆ ಅನ್ನೋ ಆ್ಯಪ್‌ನಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಎಕ್ಸೆಲ್ ಹಾಳೆಯಲ್ಲಿ ‘ರೆಲೆವೆಂಟ್’ ಅಂತ ಒಂದು ಕಾಲಂ, ಷರತ್ತು ಸುಳ್ಳಾದರೆ ಆ ಉತ್ತರವನ್ನೇ ಫಾರ್ಮ್ ಮುಗಿಸುವಾಗ ತೆಗೆದುಹಾಕುತ್ತದೆ. ಸಮೀಕ್ಷೆಗೆ ಅದೇ ಸರಿ. ವ್ಯಾಪಾರದ ಚೀಟಿಗೆ ಫ್ರಾಪೆಯ ರೀತಿಯೇ ಸುರಕ್ಷಿತ ಅಂತ ನನಗನ್ನಿಸುತ್ತದೆ, ಯಾಕೆಂದರೆ ಕೈತಪ್ಪಿ ಒಂದು ಟಿಕ್ ತೆಗೆದ ಮಾತ್ರಕ್ಕೆ ತುಂಬಿಸಿದ್ದೆಲ್ಲ ಹೋಗಬಾರದು. ಆದರೂ ‘ಮರೆಯಾದರೆ ಅಳಿಸು’ ಅಂತ ಒಂದು ಟಿಕ್ ಫೀಲ್ಡಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು.

ಕಡ್ಡಾಯದ ಟಿಕ್ ಮತ್ತು ಅಡಗಿಸುವ ನಿಯಮ ಎರಡನ್ನೂ ಒಂದೇ ಫೀಲ್ಡಿಗೆ ಹಾಕಬೇಡಿ. ಸರ್ವರ್‌ಗೆ ಪರದೆ ಮೇಲೆ ಏನು ಕಾಣುತ್ತಿದೆ ಅಂತ ಗೊತ್ತಿಲ್ಲ. ಕಡ್ಡಾಯ ಅಂತ ಬರೆದಿದ್ದರೆ ಅದು ಕೇಳಿಯೇ ಕೇಳುತ್ತದೆ. ಕಾಣದ ಫೀಲ್ಡ್ ತುಂಬಿಸಿ ಅಂದರೆ ಯಾರು ಎಲ್ಲಿ ಹುಡುಕಬೇಕು? ಅದಕ್ಕೇ ಮ್ಯಾಂಡೇಟರಿ ಡಿಪೆಂಡ್ಸ್ ಆನ್ ಇರುವುದು, ಅದೇ ಷರತ್ತನ್ನು ಅಲ್ಲೂ ಬರೆಯಿರಿ. ಆದರೆ ಅದು ಜಾವಾಸ್ಕ್ರಿಪ್ಟ್, ಬ್ರೌಸರ್‌ನಲ್ಲಿ ಓಡುವಂಥದ್ದು. ಎಪಿಐ ಮೂಲಕ, ಅಂದರೆ ಇನ್ನೊಂದು ಸಾಫ್ಟ್‌ವೇರ್‌ನಿಂದ ನೇರವಾಗಿ ಚೀಟಿ ಬಂದರೆ ಅದು ತಡೆಯೋದಿಲ್ಲ. ಅಲ್ಲೂ ತಡೆಯಬೇಕಾದರೆ ಮತ್ತೆ ವ್ಯಾಲಿಡೇಟ್‌ಗೇ ಹೋಗಬೇಕು.

ಅಡಗಿಸೋದನ್ನು ಬೀಗ ಅಂದುಕೊಳ್ಳುವವರೂ ಇದ್ದಾರೆ. ‘ಮಾಲೀಕರಿಗೆ ಮಾತ್ರ ಲಾಭದ ಫೀಲ್ಡ್ ಕಾಣಲಿ’ ಅಂತ ಇವ್ಯಾಲ್ ಒಳಗೆ ಬಳಕೆದಾರನ ರೋಲ್ ನೋಡುವ ಷರತ್ತು ಬರೆಯುತ್ತಾರೆ. ಬರೆದರೆ ಕೆಲಸ ಮಾಡುತ್ತದೆ, ಪರದೆ ಮೇಲೆ ಕಾಣೋದಿಲ್ಲ. ಆದರೆ ಆ ಮೌಲ್ಯ ಬ್ರೌಸರ್‌ಗೆ ಬಂದೇ ಇರುತ್ತದೆ, ಸ್ವಲ್ಪ ತಿಳಿದವನು ಕನ್ಸೋಲ್ ತೆರೆದು ಓದಬಹುದು, ರಿಪೋರ್ಟ್‌ನಲ್ಲಿ ಕಾಲಂ ಸೇರಿಸಿಕೊಂಡೂ ನೋಡಬಹುದು. ಆ ಕೆಲಸಕ್ಕೆ ‘ಪರ್ಮ್ ಲೆವೆಲ್’ ಇದೆ. ಫೀಲ್ಡಿಗೆ ಲೆವೆಲ್ 1 ಕೊಟ್ಟು, ಆ ಲೆವೆಲ್ ಓದುವ ಅನುಮತಿಯನ್ನು ಮಾಲೀಕರ ರೋಲ್‌ಗೆ ಮಾತ್ರ ಕೊಡಿ.

ಫೀಲ್ಡಿನ ಹೆಸರಲ್ಲಿ ಅಕ್ಷರ ತಪ್ಪಿದರೆ ಫ್ರಾಪೆ ಸದ್ದೇ ಮಾಡೋದಿಲ್ಲ, ನನಗೆ ಇದರಲ್ಲಿ ತೀರಾ ಹಿಡಿಸದ ಗುಣ ಇದು. ಆವರಣ ಚಿಹ್ನೆ ಮುಚ್ಚದಿದ್ದರೆ ‘ಇನ್‌ವ್ಯಾಲಿಡ್ ಡಿಪೆಂಡ್ಸ್ ಆನ್ ಎಕ್ಸ್‌ಪ್ರೆಶನ್’ ಅಂತ ಕೆಂಪಾಗಿ ಕೂಗುತ್ತದೆ, ಸರಿ. ಆದರೆ ಇಲ್ಲದ ಫೀಲ್ಡಿನ ಹೆಸರು ಬರೆದರೆ, ಒಂದು ಅಂಡರ್‌ಸ್ಕೋರ್ ಬಿಟ್ಟರೂ ಸಾಕು, ಆ ಮೌಲ್ಯ ಇಲ್ಲ ಅಂತ ಲೆಕ್ಕ ಹಾಕಿ ಫೀಲ್ಡನ್ನು ಸದಾ ಕಾಲ ಅಡಗಿಸಿಬಿಡುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಹೊಸ ನಿಯಮ ಬರೆದ ಮೇಲೆ ಒಮ್ಮೆ ಕಾಣುವ ಹಾಗೆ, ಒಮ್ಮೆ ಕಾಣದ ಹಾಗೆ ಎರಡೂ ಮಾಡಿ ನೋಡದೆ ಎದ್ದು ಹೋಗಬೇಡಿ.

ಕನ್ನಡದಲ್ಲಿ ಫಾರ್ಮ್ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ಪಟ್ಟಿಯ ಆಯ್ಕೆಗಳನ್ನು ಅನುವಾದದಲ್ಲಿ ಕನ್ನಡ ಮಾಡಿದರೆ ಪರದೆ ಮೇಲೆ ‘ಬೆಳೆಗಾರ’, ‘ವ್ಯಾಪಾರಿ’ ಅಂತ ಕಾಣುತ್ತದೆ, ಒಳಗೆ ಉಳಿಯೋದು ಮೂಲದಲ್ಲಿ ಬರೆದ ಇಂಗ್ಲಿಷ್ ಹೆಸರೇ. ನಿಯಮ ಹೋಲಿಸಿ ನೋಡೋದೂ ಆ ಮೂಲವನ್ನೇ. ಕನ್ನಡ ಹೆಸರು ಬರೆದು ‘ನಿಯಮ ಓಡುತ್ತಿಲ್ಲ’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮೂಲದಲ್ಲೇ ಕನ್ನಡದಲ್ಲಿ ಬರೆದಿದ್ದರೆ ನಿಯಮವನ್ನೂ ಕನ್ನಡದಲ್ಲೇ ಬರೆಯಬಹುದು, ತೊಂದರೆ ಇಲ್ಲ.

ಬಳಸುವವರ ಕಡೆಯಿಂದಲೂ ನೋಡಬೇಕು, ಅಲ್ವಾ? ಮಂಡಿಯ ಹುಡುಗ ಪರದೆ ನೋಡೋದೇ ಇಲ್ಲ. ಎಡಗೈಯಲ್ಲಿ ತೂಕದ ಚೀಟಿ, ಬಲಗೈ ಕೀಬೋರ್ಡ್ ಮೇಲೆ, ಟ್ಯಾಬ್ ಟ್ಯಾಬ್ ಟ್ಯಾಬ್ ಅಂತ ಒತ್ತಿ ಚೀಲ, ತೂಕ, ದರ ಹೊಡೆದುಕೊಂಡು ಹೋಗುತ್ತಾನೆ. ನಡುವೆ ಒಂದು ಫೀಲ್ಡ್ ತಟ್ಟನೆ ಮೂಡಿದರೆ ತೂಕ ಹೋಗಿ ಆ ಫೀಲ್ಡಿಗೆ ಬೀಳುತ್ತದೆ. ಆದ್ದರಿಂದ ಷರತ್ತು ನಿರ್ಧರಿಸುವ ಪ್ರಶ್ನೆಗಳು ಮೇಲಿರಲಿ, ಎಲ್ಲ ಚೀಟಿಗೂ ಬೇಕಾದ್ದು ಅದರ ಕೆಳಗೆ, ಬಂದು ಹೋಗುವ ಫೀಲ್ಡುಗಳು ಕೊನೆಯ ಸೆಕ್ಷನ್‌ಗಳಲ್ಲಿ. ಬ್ರಿಟನ್ ಸರ್ಕಾರದ ವೆಬ್‌ಸೈಟುಗಳ ವಿನ್ಯಾಸದ ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ: ಆಯ್ಕೆಯ ಕೆಳಗೆ ತೆರೆದುಕೊಳ್ಳುವ ಪ್ರಶ್ನೆ ಸರಳವಾಗಿರಲಿ, ಗೋಜಲಾಗಿದ್ದರೆ ಮುಂದಿನ ಪುಟದಲ್ಲಿ ಕೇಳಿ.

ಬೇರೆಯವುಗಳ ಜತೆ ಇಟ್ಟು ನೋಡಿದರೆ, ಗೂಗಲ್ ಫಾರ್ಮ್ಸ್‌ನಲ್ಲಿ ಉತ್ತರ ನೋಡಿಕೊಂಡು ಬೇರೆ ಸೆಕ್ಷನ್‌ಗೆ ಕಳಿಸಬಹುದು, ಒಂದೇ ಪುಟದಲ್ಲಿ ಒಂದು ಪ್ರಶ್ನೆಯನ್ನು ತೋರಿಸಿ ಅಡಗಿಸೋಕೆ ಆಗೋದಿಲ್ಲ. ಮದುವೆಗೆ ಎಷ್ಟು ಜನ ಬರುತ್ತೀರಿ ಅಂತ ಕೇಳೋಕೆ ಸಾಕು. ವ್ಯೂ, ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿ ಹಿಡಿದು ನೀವೇ ಬರೆದರೆ ಎಲ್ಲ ಸಾಧ್ಯ, ಆದರೆ ಪ್ರತಿ ಸಣ್ಣ ಬದಲಾವಣೆಗೂ ಡೆವಲಪರ್ ಬೇಕು. ಜತೆಗೆ ರಿಯಾಕ್ಟ್‌ನಲ್ಲಿ ಸಂಖ್ಯೆಯ ಪಕ್ಕ ಎರಡು ಆ್ಯಂಪರ್ಸೆಂಡ್ ಹಾಕಿ ಷರತ್ತು ಬರೆದವರು, ಆ ಸಂಖ್ಯೆ ಸೊನ್ನೆಯಾದಾಗ ಏನೂ ಕಾಣದಿರುವ ಬದಲು ಪರದೆ ಮೇಲೆ ಒಂದು ಸೊನ್ನೆ ಬಂದು ಕೂತಿದ್ದನ್ನು ನೋಡಿಯೇ ಇರುತ್ತಾರೆ.

ನಿಯಮ ಉದ್ದವಾಗುತ್ತಾ ಹೋದರೆ ಏನು ಮಾಡಬೇಕು ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಖಡಕ್. ಒಂದು ಖಾನೆಯಲ್ಲಿ ಎರಡಕ್ಕಿಂತ ಜಾಸ್ತಿ ಷರತ್ತು ಬಂದರೆ ತಿದ್ದಬೇಕಾದ್ದು ಫಾರ್ಮನ್ನು. ‘ಚಾಲಿ, ಅದೂ ವ್ಯಾಪಾರಿಯಿಂದ, ಅದೂ ಮುಂಗಡ ಇದ್ದರೆ, ಕೆಂಪುಗೋಟು ಬಿಟ್ಟು’ ಅಂತ ಬರೆಯುತ್ತಿದ್ದೀರಿ ಅಂದರೆ ಎರಡು ಬೇರೆ ಚೀಟಿಯನ್ನು ಒಂದರಲ್ಲಿ ತುರುಕಿದ್ದೀರಿ ಅಂತ ಅರ್ಥ. ಬೆಳೆಗಾರರಿಗೆ ಒಂದು ಡಾಕ್‌ಟೈಪ್ (ಫ್ರಾಪೆಯಲ್ಲಿ ಒಂದು ಬಗೆಯ ಚೀಟಿ), ವ್ಯಾಪಾರಿಗೆ ಇನ್ನೊಂದು ಮಾಡಿ. ಹಾಗೆ ಆಗದಿದ್ದರೆ ನಿರ್ಧಾರಕ್ಕೇ ಒಂದು ಅಡಗಿದ ಚೆಕ್‌ಬಾಕ್ಸ್ ಮಾಡಿ. ಅದಕ್ಕೊಂದು ಅರ್ಥವಾಗುವ ಹೆಸರಿಟ್ಟು, ಲೆಕ್ಕವನ್ನು ಸ್ಕ್ರಿಪ್ಟಿನಲ್ಲಿ ಒಂದೇ ಕಡೆ ಹಾಕಿ, ಬಾಕಿ ಫೀಲ್ಡುಗಳೆಲ್ಲ ಆ ಒಂದು ಹೆಸರನ್ನೇ ನೋಡಲಿ. ನಿಯಮಕ್ಕೆ ಈ ಚೀಟಿಯ ಫೀಲ್ಡುಗಳು ಮಾತ್ರ ಕಾಣುತ್ತವೆ, ಪಾರ್ಟಿಯ, ಅಂದರೆ ಮಾಲು ತಂದವರ ದಾಖಲೆ ಕಾಣೋದಿಲ್ಲ. ಅಲ್ಲಿಂದ ಏನಾದರೂ ಬೇಕಿದ್ದರೆ ‘ಫೆಚ್ ಫ್ರಂ’ ಹಾಕಿ ಈ ಚೀಟಿಗೆ ತಂದುಕೊಂಡು ಆಮೇಲೆ ಷರತ್ತು ಬರೆಯಿರಿ.

ಇದನ್ನೆಲ್ಲ ಮಾಡೋಕೆ ಇಆರ್‌ಪಿನೆಕ್ಸ್ಟ್‌ನ ಮೂಲ ಕೋಡ್ ಮುಟ್ಟಬೇಕಿಲ್ಲ. ‘ಕಸ್ಟಮೈಸ್ ಫಾರ್ಮ್’ನಲ್ಲಿ ಬದಲಾಯಿಸಿದರೆ ಸಾಕು, ನಿಮ್ಮ ಬದಲಾವಣೆ ‘ಪ್ರಾಪರ್ಟಿ ಸೆಟ್ಟರ್’ ಅಂತ ಬೇರೆಯಾಗಿ ಉಳಿಯುತ್ತದೆ, ಅಪ್‌ಡೇಟ್ ಬಂದಾಗ ಅಳಿಸಿಹೋಗೋದಿಲ್ಲ. ಒಂದು ಫಾರ್ಮ್‌ನ ಎಲ್ಲ ನಿಯಮಗಳನ್ನೂ ಒಟ್ಟಿಗೆ ತೋರಿಸುವ ಪುಟ ಇದ್ದಿದ್ದರೆ ನನ್ನಂಥವರ ಎಷ್ಟೋ ಸಂಜೆ ಉಳಿಯುತ್ತಿತ್ತು. ಸದ್ಯಕ್ಕೆ ನಾನು ಮಾಡೋದು ಇಷ್ಟು: ಪ್ರಾಪರ್ಟಿ ಸೆಟ್ಟರ್ ಪಟ್ಟಿ ತೆರೆದು, ಪ್ರಾಪರ್ಟಿ ಅನ್ನೋ ಕಡೆ ‘ಡಿಪೆಂಡ್ಸ್ ಆನ್’ ಅಂತ ಫಿಲ್ಟರ್ ಹಾಕುತ್ತೇನೆ, ಮೂಲ ಫೀಲ್ಡುಗಳಿಗೆ ನಾವು ಬರೆದ ನಿಯಮವೆಲ್ಲ ಸಾಲಾಗಿ ಬರುತ್ತದೆ. ನಾವೇ ಸೇರಿಸಿದ ಫೀಲ್ಡುಗಳದ್ದು ‘ಕಸ್ಟಮ್ ಫೀಲ್ಡ್’ ಪಟ್ಟಿಯಲ್ಲಿ ಇರುತ್ತದೆ, ಅಲ್ಲೂ ಅದೇ ಕಾಲಂ ಸೇರಿಸಿಕೊಂಡು ನೋಡಬೇಕು.